ಎಂಬತ್ತನಾಲ್ಕು ಹಲ್ಲು

ಹ್ಯಾಮ್‌ಟ್ರಾಮ್ಕ್, ಮಿಶಿಗನ್. ಜನವರಿ.
ಶಾಲೆಯ ನೆಲಮಾಳಿಗೆಯಲ್ಲಿ ಹೀಟರ್ ಕೆಮ್ಮುತ್ತಿದೆ.
ಸ್ಪರ್ಧೆಗೆ ಇನ್ನು ಐದು ವಾರ. ನನ್ನ ಪರದೆಯ ಮೇಲೆ
ಎರಡು ಶಾಫ್ಟು, ನಾಲ್ಕು ಗೇರ್,
ತಾಳೆಯಾಗದ ಒಂದು ಲೆಕ್ಕ.

ಓಡುವುದಕ್ಕೆ ಒಂದು, ನೂಕುವುದಕ್ಕೆ ಇನ್ನೊಂದು.
ಹೇಳಿದಷ್ಟು ಸುಲಭವಲ್ಲ.
ನಲವತ್ನಾಲ್ಕು ಹಲ್ಲಿನದು ನಲವತ್ತನ್ನು ಅಟ್ಟಬೇಕು,
ಇಪ್ಪತ್ನಾಲ್ಕರ ಪೋರಿ
ಅರವತ್ತರ ಮುದುಕಿಯನ್ನು ತಿರುಗಿಸಬೇಕು.
ಶಾಫ್ಟುಗಳು ಎರಡೇ, ಅಂತರ ಒಂದೇ,
ಆದ್ದರಿಂದ ಯಾವ ಜೋಡಿಯನ್ನು ಕೂಡಿದರೂ
ಎಂಬತ್ತನಾಲ್ಕೇ ಬರಬೇಕು.
ಇದು ಹೊಳೆಯಲು ಮೂರು ರಾತ್ರಿ ಹಿಡಿಯಿತು.
ಮಿಸ್ಟರ್ ಝೀಗೆ ಮೊದಲೇ ಗೊತ್ತಿತ್ತು. ಹೇಳಲಿಲ್ಲ.

ಅವರ ಪೂರ್ತಿ ಹೆಸರು ಜ್ಜಿಸ್ವಾವ್;
ಕರೆಯಲು ಹೋಗಿ ನಾಲಿಗೆ ಕಚ್ಚಿಕೊಂಡವರು ನಾವೆಲ್ಲ.
ಆಕ್ಸಲ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಗೇರ್ ಕೊರೆದರು.
ಕಾರ್ಖಾನೆ ಈಗ ಬಯಲು: ಬೇಲಿ, ಒಣಹುಲ್ಲು, ಹಿಮ.
ಎಡಗೈ ಕಿರುಬೆರಳಿನ ತುದಿ
"ಅಲ್ಲೇ ಎಲ್ಲೋ ಇರಬೇಕು" ಅನ್ನುತ್ತಾರೆ,
ಬಸ್ಸಿನಲ್ಲಿ ಛತ್ರಿ ಮರೆತವರ ಹಾಗೆ.

ಅಂತರ ಎರಡು ಪಾಯಿಂಟ್ ಒಂದು ಇಂಚು ಎಂದು ಬರೆದೆ.
ಪೆನ್ಸಿಲ್ ಕಸಿದು, ಮುಂದೆ
ಮೂರು ಸಾವಿರಾಂಶ ಸೇರಿಸಿದರು.
"ಹಲ್ಲಿಗೆ ಹಲ್ಲು ಒತ್ತಿ ಕೂರಿಸಬೇಡ ರಾಫಿಯಾ.
ಬಿಗಿದರೆ ಕಾದು ಸಾಯುತ್ತವೆ,
ಸಡಿಲಬಿಟ್ಟರೆ ಬಡಿದಾಡಿ."
ಮೂರು ಸಾವಿರಾಂಶ ಅಂದರೆ ಎಷ್ಟು ಎಂದೆ.
ತಲೆಯಿಂದ ಒಂದು ನರೆಗೂದಲು ಕಿತ್ತು
ಮೇಜಿನ ಮೇಲಿಟ್ಟರು.

ಗೇರ್‌ಗಳ ನಡುವೆ ಜಾರಾಡುವ ತುಂಡಿಗೆ
ಈ ಕಸುಬಿನಲ್ಲಿ ನಾಯಿ ಎಂದು ಹೆಸರು.
ಈಚೆಯದನ್ನೋ ಆಚೆಯದನ್ನೋ ಕಚ್ಚಿ ಹಿಡಿಯುವುದೇ ಅದರ ಕೆಲಸ.
ಎಳೆಯುವುದು ಗಾಳಿ:
ಹೆಬ್ಬೆರಳಿನಷ್ಟು ಸಿಲಿಂಡರು, ಅರವತ್ತು ಪೌಂಡು ಒತ್ತಡ,
ಅರ್ಧ ಇಂಚು ದಾರಿ.
ಆ ಅರ್ಧ ಇಂಚಿನ ನಟ್ಟನಡುವೆ
ಕಣ್ಣೆವೆ ಬಡಿಯುವಷ್ಟು ಹೊತ್ತು
ನಾಯಿ ಯಾರದೂ ಅಲ್ಲ.
ಮೋಟರು ಕಿರುಚುತ್ತದೆ,
ಚಕ್ರಕ್ಕೆ ಕೇಳಿಸುವುದಿಲ್ಲ.

ಮೊದಲ ಸಲ ಕಚ್ಚಲೇ ಇಲ್ಲ.
ಹಲ್ಲಿಗೆ ಹಲ್ಲು ಎದುರಾಗಿ, ಹಟ ಹಿಡಿದು ನಿಂತವು.
ನುಸೈಬಾ ಜಾಯ್‌ಸ್ಟಿಕ್ಕನ್ನು ಕೂದಲೆಳೆಯಷ್ಟು ಅಲುಗಿಸಿದಳು.
ಟಕ್.
ನೆಲಮಾಳಿಗೆಯಲ್ಲಿ ಯಾರೂ ಮಾತಾಡಲಿಲ್ಲ.
ಇನ್ನೊಮ್ಮೆ, ಎಂದಳು. ಟಕ್. ಇನ್ನೊಮ್ಮೆ.
ಟ್ಯಾಂಕಿನ ಗಾಳಿ ತೀರುವವರೆಗೂ ಆಡಿದೆವು.

ಆಗ ಕೇಳಿದರು: "ಗಾಳಿ ತೀರಿತಲ್ಲ, ಈಗ ನಾಯಿ ಎಲ್ಲಿದೆ?"
ನಾನು ಯೋಚಿಸಿರಲಿಲ್ಲ.
ಹೋಗುವುದಕ್ಕೂ ಗಾಳಿ, ಬರುವುದಕ್ಕೂ ಗಾಳಿ ಬರೆದಿದ್ದೆ.
ಒಂದು ಬದಿಗೆ ಸ್ಪ್ರಿಂಗು ಬೇಕು. ಯಾವ ಬದಿಗೆ?
"ಓಡುವ ಕಡೆಗೆ," ನುಸೈಬಾ. ಅವಳಿಗೆ ಯಾವಾಗಲೂ ಓಟ.

ಆ ರಾತ್ರಿ ಅಮ್ಮ ಕೆಲಸಕ್ಕೆ ಹೊರಟಾಗ
ವ್ಯಾನು ಹಿಮದಲ್ಲಿ ಹೂತಿತ್ತು.
ಕಾರಿನ ಸೀಟು ಹೊಲಿಯುವ ಪಾಳಿ, ತಡವಾದರೆ ಸಂಬಳಕ್ಕೆ ಕತ್ತರಿ.
ಅವಳು ಬಯ್ಯಲಿಲ್ಲ, ಇಳಿಯಲಿಲ್ಲ;
ಲಿವರನ್ನು ಕೆಳಗಿನ ಅಕ್ಷರಕ್ಕೆ ಎಳೆದು
ಹಲ್ಲುಕಚ್ಚಿ, ಇಂಚಿಂಚಾಗಿ, ಬೀದಿಗೆ ಬಂದಳು.
ಬೆಳಿಗ್ಗೆ ಸ್ಪ್ರಿಂಗನ್ನು ಅರವತ್ತರ ಕಡೆಗೆ ಬರೆದೆ.

ಮಾರ್ಚಿ. ನಮ್ಮ ಆರನೇ ಪಂದ್ಯ.
ಇನ್ನು ನಲವತ್ತು ಸೆಕೆಂಡಿರುವಾಗ ಕೊಳವೆ ಕಳಚಿತು.
ಅಷ್ಟು ಗದ್ದಲದಲ್ಲೂ ಆ ಸ್ಸ್‌ಸ್ಸ್
ನನಗೆ ಕೇಳಿಸಿತು.
ಆಮೇಲೆ ನಮ್ಮದು ಓಡಲಿಲ್ಲ.
ಆದರೆ ನೂಕಿದವರ ಕೈಯಲ್ಲಿ ಜರುಗಲೂ ಇಲ್ಲ.
ನಾಲ್ಕು ಅಂಕದಿಂದ ಸೋತೆವು.
ನುಸೈಬಾ ಎರಡು ದಿನ ನನ್ನೊಡನೆ ಮಾತು ಬಿಟ್ಟಳು.

ಮಿಸ್ಟರ್ ಝೀ ಅಂಕ ಕೇಳಲಿಲ್ಲ.
ಪೆಟ್ಟಿಗೆ ಬಿಚ್ಚಿ, ಅರವತ್ತರದನ್ನು ಹೊರತೆಗೆದು
ಬೆಳಕಿಗೆ ಹಿಡಿದರು.
ಹಲ್ಲುಹಲ್ಲಿನ ನಡುವಿನಲ್ಲಿ, ಅಂಚಿನಲ್ಲಲ್ಲ,
ಉಗುರಗಲ ಹೊಳೆವ ಒಂದು ತೇಪು.
ಅರ್ಧ ಕಿರುಬೆರಳನ್ನು ಅದರ ಮೇಲೆ ಆಡಿಸುತ್ತ
ಪೋಲಿಷ್‌ನಲ್ಲಿ ಎಣಿಸತೊಡಗಿದರು.
ನನಗೆ ತಿಳಿಯದ ಭಾಷೆ.
ಅರವತ್ತರಲ್ಲಿ ನಿಲ್ಲಿಸಿದರು, ಅದು ಗೊತ್ತಾಯಿತು.